ಹಳೇ ಕಾರಿಗೆ ಡ್ರಮ್ ಬ್ರೇಕ್ ಶೂ ಹಾಕೋದು: ಬಿಚ್ಚೋದ್ರಿಂದ ಹಿಡಿದು ಬೆಡ್ಡಿಂಗ್ (ಓಡಿಸಿ ಹದಕ್ಕೆ ತರೋದು) ತನಕ

ಹೊಸ ಶೂ ಹಾಕಿದ್ಮೇಲೆ ಬ್ರೇಕು ಮೊದಲಿಗಿಂತ ಹಾಳಾಯ್ತಲ್ಲ ಅಂತ ತಲೆ ಕೆರ್ಕೊಳೋರು ಹಳೇ ಕಾರಿನವರಲ್ಲಿ ಜಾಸ್ತಿ. ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗತ್ತೆ, ಬ್ರೇಕ್ ಹಿಡಿದ್ರೆ ಸ್ಟೇರಿಂಗ್ ಒಂದ್ಕಡೆ ಎಳಿಯತ್ತೆ, ಜೊತೆಗೆ ಕಿರ್ರ್ ಅನ್ನೋ ಸದ್ದು ಬೇರೆ, ಕೊನೆಗೆ ಶೂನೇ ಡೂಪ್ಲಿಕೇಟ್ ಇರ್ಬೇಕು ಅಂತ ಕೈ ತೊಳ್ಕೋತಾರೆ. ಶೂ ಸಿಕ್ಕಿಸೋದು ಅಂಥಾ ದೊಡ್ಡ ಕೆಲಸ ಏನಲ್ಲ, ನಾಲ್ಕು ಸ್ಪ್ರಿಂಗು ಎರಡು ಪಿನ್ನು ಅಷ್ಟೇ. ಶೂ ಮೇಲಿರೋ ಲೈನಿಂಗು, ಅಂದ್ರೆ ಉಜ್ಜಿ ಬ್ರೇಕ್ ಹಿಡಿಯೋ ಪದರ, ಚಕ್ರದ ಜೊತೆ ತಿರುಗೋ ಡ್ರಮ್ಮಿನ ಒಳಮೈಗೆ ಸರಿಯಾಗಿ ತಾಕೋ ಹಾಗೆ ಕೂರಿಸೋದೇ ಅಸಲಿ ಕೆಲಸ. ಅದಕ್ಕೇ ಇಲ್ಲಿ ಬಿಚ್ಚಿ ಹಾಕೋದಕ್ಕಿಂತ ಅಳತೆ ನೋಡೋದು, ಸೆಂಟರ್ ಮಾಡೋದು, ಅಡ್ಜಸ್ಟ್ ಮಾಡೋದು ಇವಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ.

ಇದೆಲ್ಲ ಹೈಡ್ರಾಲಿಕ್, ಅಂದ್ರೆ ಬ್ರೇಕ್ ಫ್ಲೂಯಿಡ್ಡಿನ ಒತ್ತಡದಿಂದ ಹಿಡಿಯೋ ಡ್ರಮ್ ಬ್ರೇಕಿಗೆ ಮಾತ್ರ. ರಾಡು, ಕೇಬಲ್ಲಿಂದ ಹಿಡಿಯೋ ಮೆಕ್ಯಾನಿಕಲ್ ಬ್ರೇಕಿನ ಲೆಕ್ಕ ಬೇರೆ. ಫೋರ್ಡ್‌ನವರಂತೂ 1939ರ ಮಾಡೆಲ್ ಬರೋವರೆಗೂ ಹೈಡ್ರಾಲಿಕ್ ಕಡೆ ತಲೆ ಹಾಕಿರ್ಲಿಲ್ಲ, ಹಾಗಾಗಿ ನಿಮ್ಮದು ಅಷ್ಟು ಹಳೇದಾದ್ರೆ ಮೊದ್ಲು ಯಾವ ತರದ್ದು ಅಂತ ನೋಡ್ಕೊಳ್ಳಿ. ಇನ್ನೊಂದು, ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್ ಪಕ್ಕದಲ್ಲಿ ಇರ್ಲೇಬೇಕು, ಟಾರ್ಕು, ಡ್ರಮ್ಮಿನ ಗರಿಷ್ಠ ಅಳತೆ, ಯಾವ ಸ್ಪ್ರಿಂಗ್ ಯಾವ ತೂತಿಗೆ ಅನ್ನೋದೆಲ್ಲ ಒಂದೊಂದು ಗಾಡಿಗೆ ಒಂದೊಂದು ತರ.

ಯಾವ ಶೂ ಏನು ಮಾಡತ್ತೆ

ಇಷ್ಟು ಗೊತ್ತಿಲ್ದೆ ಕೈ ಹಾಕ್ಬೇಡಿ. ಡ್ರಮ್ ತಿರುಗೋವಾಗ ಒಂದು ಶೂನ ತನ್ನ ಕಡೆಗೆ ಎಳ್ಕೊಳತ್ತೆ, ಅಂದ್ರೆ ನೀವು ಒತ್ತಿದ್ದಕ್ಕಿಂತ ಜಾಸ್ತಿ ಬಲವಾಗಿ ಅದು ಹಿಡಿಯತ್ತೆ, ಇದು ಲೀಡಿಂಗ್ ಶೂ. ಇನ್ನೊಂದನ್ನ ಡ್ರಮ್ಮು ಹಿಂದಕ್ಕೆ ತಳ್ಳತ್ತೆ, ಅದು ಟ್ರೇಲಿಂಗ್. ಬಹಳಷ್ಟು ಬ್ರಿಟಿಷ್ ಗಾಡಿಗಳ ಮುಂದಿನ ಚಕ್ರದಲ್ಲಿ ಎರಡೂ ಲೀಡಿಂಗ್ ಶೂನೇ ಇರತ್ತೆ, ಒಂದೊಂದು ಶೂಗೂ ಒಂದೊಂದು ವೀಲ್ ಸಿಲಿಂಡರ್ (ಫ್ಲೂಯಿಡ್ ಒತ್ತಡದಿಂದ ಶೂನ ಡ್ರಮ್ಮಿಗೆ ತಳ್ಳೋ ಭಾಗ). ಅಂಥಾ ಗಾಡಿ ರಿವರ್ಸ್‌ನಲ್ಲಿ ಹೋಗೋವಾಗ ಎರಡೂ ಶೂ ಟ್ರೇಲಿಂಗ್ ಆಗ್ಬಿಡತ್ತೆ, ಏರಲ್ಲಿ ಹಿಂದಕ್ಕೆ ಜಾರ್ತಿದ್ರೆ ಮುಂದಿನ ಬ್ರೇಕು ಹಿಡಿಯೋದು ಕಮ್ಮಿ, ಅದು ಫಾಲ್ಟ್ ಅಲ್ಲ, ಡಿಸೈನೇ ಹಾಗೆ. ಹಿಂದಿನ ಚಕ್ರದಲ್ಲಿ ಸಾಮಾನ್ಯವಾಗಿ ಒಂದು ಲೀಡಿಂಗ್ ಒಂದು ಟ್ರೇಲಿಂಗ್.

ಅಮೆರಿಕನ್ ಗಾಡಿಗಳಲ್ಲಿ ಜಾಸ್ತಿ ಕಾಣೋದು ಬೆಂಡಿಕ್ಸ್ ಡ್ಯುಯೊ ಸರ್ವೋ ಅನ್ನೋ ತರದ್ದು, ಅದ್ರಲ್ಲಿ ಒಂದು ಶೂ ಇನ್ನೊಂದನ್ನ ತಳ್ಳತ್ತೆ. ಇಲ್ಲಿ ಲೈನಿಂಗ್ ಉದ್ದ ಕಮ್ಮಿ ಇರೋ ಪ್ರೈಮರಿ ಶೂ ಗಾಡಿಯ ಮುಂಭಾಗದ ಕಡೆಗೆ, ಉದ್ದ ಇರೋ ಸೆಕೆಂಡರಿ ಶೂ ಹಿಂಭಾಗದ ಕಡೆಗೆ ಬರ್ಬೇಕು. ದೊಡ್ಡದು ಮುಂದೆ ಇರ್ಲಿ ಅಂತ ಉಲ್ಟಾ ಹಾಕೋರು ಇದಾರೆ, ಹಾಗೆ ಮಾಡಿದ್ರೆ ಬ್ರೇಕ್ ಸರಿಯಾಗಿ ಹಿಡಿಯಲ್ಲ, ಲೈನಿಂಗೂ ಬೇಗ ಸವೆಯತ್ತೆ.

ಬಿಚ್ಚೋಕೆ ಮುಂಚೆ

ಯಾವಾಗ್ಲೂ ಒಂದು ಆಕ್ಸಲ್ಲಿನ ಎರಡೂ ಕಡೆ ಶೂ ಒಟ್ಟಿಗೆ ಬದಲಾಯಿಸ್ಬೇಕು, ಎಡಕ್ಕೆ ಹೊಸದು ಬಲಕ್ಕೆ ಹಳೇದು ಅಂದ್ರೆ ಗಾಡಿ ಒಂದ್ಕಡೆ ಎಳಿಯೋದು ಗ್ಯಾರಂಟಿ. ಆದ್ರೆ ಎರಡೂ ಕಡೆ ಒಟ್ಟಿಗೆ ಬಿಚ್ಬೇಡಿ. ಒಂದು ಕಡೆ ಮುಗಿಸಿ ಆಮೇಲೆ ಇನ್ನೊಂದು, ಆಗ ಸ್ಪ್ರಿಂಗ್ ಎಲ್ಲಿಗೆ ಬರತ್ತೆ ಅಂತ ಡೌಟ್ ಬಂದ್ರೆ ಆಕಡೆ ಹೋಗಿ ನೋಡ್ಬಹುದು, ಎಡಬಲ ಅದಲು ಬದಲಾಗಿ ಕಾಣತ್ತೆ ಅನ್ನೋದು ನೆನಪಿರ್ಲಿ ಅಷ್ಟೇ. ಮೊಬೈಲಲ್ಲಿ ನಾಲ್ಕೈದು ಫೋಟೋ ತೆಗೀರಿ, ಹತ್ರದಿಂದ ಒಂದು, ಪೂರ್ತಿ ಕಾಣೋ ಹಾಗೆ ಒಂದು. ಗಾಡಿ ನಿಮ್ಮ ಕೈಗೆ ಬರೋಕೆ ಮುಂಚೆ ಯಾರೋ ತಪ್ಪಾಗಿ ಜೋಡಿಸಿರೋ ಚಾನ್ಸೂ ಇದೆ, ಅದಕ್ಕೆ ಫೋಟೋನ ಮ್ಯಾನುಯಲ್ಲಿನ ಚಿತ್ರದ ಜೊತೆ ತಾಳೆ ನೋಡಿ.

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಸಿ, ಎತ್ತದೇ ಇರೋ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಡಿ. ಹಿಂದಿನ ಶೂ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಿಟ್ಟಿರ್ಬೇಕಾಗತ್ತೆ, ಹಾಗಾಗಿ ಗಾಡಿ ಹಿಡ್ಕೊಂಡಿರೋದು ಆ ಅಡ್ಡಗಳೇ. ಜಾಕ್ ಮೇಲೆ ಬಿಟ್ಟು ಕೆಲಸ ಮಾಡ್ಬೇಡಿ, ಆಕ್ಸಲ್ ಸ್ಟ್ಯಾಂಡ್ ಕೊಟ್ಟು ಗಾಡಿನ ಒಂದ್ಸಲ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ಕೂತ್ಕೊಳ್ಳಿ.

ಧೂಳಿನ ವಿಷಯ ಬೇರೆಯಾಗೇ ಹೇಳ್ಬೇಕು. ಹಳೇ ಲೈನಿಂಗುಗಳಲ್ಲಿ ಶ್ವಾಸಕೋಶ ಹಾಳು ಮಾಡೋ ಆಸ್ಬೆಸ್ಟಾಸ್ ಇರೋದು ಮಾಮೂಲಿ, ಬ್ರಿಟನ್‌ನಲ್ಲಿ ಬಿಳಿ ಆಸ್ಬೆಸ್ಟಾಸ್ ಬ್ಯಾನ್ ಆಗಿದ್ದೇ 1999ರಲ್ಲಿ. ಅಂದ್ರೆ ಗಾಡೀಲಿ ಇರೋದಷ್ಟೇ ಅಲ್ಲ, ಎಲ್ಲೋ ಗೋಡೌನಲ್ಲಿ ಉಳಿದಿದ್ದ ಡಬ್ಬಿ ಒಡೆಯದ ಹಳೇ ಸ್ಟಾಕ್ ಶೂ ಸಿಕ್ತು ಅಂತ ಖುಷಿಪಟ್ರೆ ಅದ್ರಲ್ಲೂ ಇರ್ಬಹುದು. ಒರಿಜಿನಲ್ ಅಂತ ಅದರ ಹಿಂದೆ ಬೀಳೋದಕ್ಕಿಂತ ಇವತ್ತಿನ ಆಸ್ಬೆಸ್ಟಾಸ್ ಇಲ್ಲದ ಲೈನಿಂಗ್ ಹಾಕಿಸೋದೇ ವಾಸಿ ಅಂತ ನನ್ನ ಲೆಕ್ಕ. ಡ್ರಮ್ ತೆಗೆದ ತಕ್ಷಣ ಏರ್ ಲೈನ್ ಹಿಡಿದು ಊದೋ ಅಭ್ಯಾಸ ಇದ್ರೆ ಬಿಟ್ಬಿಡಿ, ಬಾಯಲ್ಲೂ ಊದ್ಬೇಡಿ, ಒಣ ಬ್ರಶ್ಶಲ್ಲಿ ಉಜ್ಜಲೂ ಬೇಡಿ. ಸೋಪು ನೀರೋ ಬ್ರೇಕ್ ಕ್ಲೀನರೋ ನಿಧಾನಕ್ಕೆ ಸಿಂಪಡಿಸಿ ಒದ್ದೆ ಮಾಡಿ, ಕೆಳಗೆ ಟ್ರೇ ಇಟ್ಟು, ಬಟ್ಟೇಲಿ ಒರೆಸಿ, ಆ ಬಟ್ಟೇನ ಒದ್ದೆ ಇರೋವಾಗ್ಲೇ ಕವರಿಗೆ ಹಾಕಿ ಬಾಯಿ ಕಟ್ಟಿ. ಮಾಸ್ಕ್ ಅಂದ್ರೆ ಬಟ್ಟೆ ಮಾಸ್ಕ್ ಸಾಲಲ್ಲ, ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆದು ಬೇಕು.

ಡ್ರಮ್ ತೆಗೆಯೋದು

ಮೊದ್ಲು ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿ, ಆಮೇಲೆ ಶೂಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸೋ ಅಡ್ಜಸ್ಟರ್‌ನ ಹಿಂದಕ್ಕೆ ತಿರುಗ್ಸಿ ಶೂ ಒಳಗೆ ಸರಿಯೋ ಹಾಗೆ ಮಾಡಿ. ಡ್ರಮ್ಮಿನ ಒಳ ಅಂಚಲ್ಲಿ ಸವೆಯದೆ ಉಳಿದ ತುಟಿ ಒಂದು ಎದ್ದಿರತ್ತೆ, ಶೂ ಆ ತುಟಿಗೆ ಸಿಕ್ಕಾಕ್ಕೊಂಡ್ರೆ ಎಷ್ಟು ಎಳೆದ್ರೂ ಡ್ರಮ್ ಬರಲ್ಲ. ಡ್ರಮ್ ಹಿಡಿದಿರೋ ಸ್ಕ್ರೂಗಳು ತುಕ್ಕು ಹಿಡಿದಿದ್ರೆ ಮಾಮೂಲಿ ಸ್ಕ್ರೂ ಡ್ರೈವರಲ್ಲಿ ತಲೆ ಕೆಡಿಸ್ಬೇಡಿ, ಸುತ್ತಿಗೇಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಿ. ಕೆಲವು ಡ್ರಮ್ಮುಗಳಲ್ಲಿ ಥ್ರೆಡ್ ಇರೋ ಎರಡು ಖಾಲಿ ತೂತಿರತ್ತೆ, ಎರಡಕ್ಕೂ ಬೋಲ್ಟ್ ಹಾಕಿ ಸಮವಾಗಿ ಟೈಟ್ ಮಾಡ್ತಾ ಹೋದ್ರೆ ಡ್ರಮ್ ತಾನೇ ಹೊರಗೆ ಬರತ್ತೆ. ಇಲ್ಲಾಂದ್ರೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ರಬ್ಬರ್ ಅಥವಾ ಮರದ ಸುತ್ತಿಗೇಲಿ ಸುತ್ತಲೂ ತಟ್ಟಿ. ಶೂ ಕೂತಿರೋ ಹಿಂದಿನ ತಗಡು, ಅಂದ್ರೆ ಬ್ಯಾಕ್ ಪ್ಲೇಟಿಗೆ ಸನ್ನೆ ಕೊಟ್ಟು ಮೀಟಿದ್ರೆ ಪ್ಲೇಟ್ ಬೆಂಡಾಗತ್ತೆ, ಬೆಂಡಾದ ಪ್ಲೇಟ್ ಮೇಲೆ ಶೂ ನೆಟ್ಟಗೆ ಕೂರೋದು ಕನಸು.

ಹಿಂದಿನ ಆಕ್ಸಲ್ ಶಾಫ್ಟು ಟೇಪರ್ ಇದ್ದು ಹಬ್ಬು ಡ್ರಮ್ಮು ಅದ್ರ ಮೇಲೆ ಕೂತಿದ್ರೆ ಪುಲ್ಲರ್ ಬೇಕೇ ಬೇಕು. ಬೀಟಲ್ ತರದ ಗಾಡೀಲಿ ಹಿಂದಿನ ಡ್ರಮ್ ಹಿಡಿದಿರೋದು 36 ಎಂಎಂ ದೊಡ್ಡ ನಟ್ಟು, ಅದನ್ನ ಗಾಡಿ ಎತ್ತೋಕೆ ಮುಂಚೆ, ಚಕ್ರ ನೆಲದ ಮೇಲಿರೋವಾಗ್ಲೇ ಸ್ಪ್ಲಿಟ್ ಪಿನ್ ತೆಗೆದು ಸಡಿಲ ಮಾಡ್ಕೊಳ್ಳಿ, ಸ್ಟ್ಯಾಂಡ್ ಮೇಲಿರೋ ಗಾಡೀಲಿ ಅಷ್ಟು ಬಲ ಹಾಕೋದು ಅಪಾಯ. ಮುಂದಿನ ಡ್ರಮ್ಮು ಹಬ್ಬು ಒಂದೇ ಆಗಿದ್ರೆ ವೀಲ್ ಬೇರಿಂಗೂ ಜೊತೆಗೆ ಬರತ್ತೆ, ವಾಪಸ್ ಹಾಕೋವಾಗ ಬೇರಿಂಗ್ ಸೆಟ್ಟಿಂಗ್ ಮ್ಯಾನುಯಲ್ ಪ್ರಕಾರ, ಸ್ಪ್ಲಿಟ್ ಪಿನ್ ಹೊಸದು.

ಒಳಗೆ ಏನೇನು ನೋಡ್ಬೇಕು

ವೀಲ್ ಸಿಲಿಂಡರಿನ ರಬ್ಬರ್ ಬೂಟನ್ನ ಸ್ವಲ್ಪ ಎತ್ತಿ ನೋಡಿ. ಒಳಗೆ ಒದ್ದೆ ಇದ್ರೆ ಸೀಲ್ ಹೋಗಿದೆ ಅಂತಲೇ, ಇನ್ನೂ ಸೋರ್ತಿಲ್ವಲ್ಲ ಅಂತ ಬಿಡೋ ಹಾಗಿಲ್ಲ. ಹೊಸ ಶೂ ದಪ್ಪ ಇರೋದ್ರಿಂದ ಪಿಸ್ಟನ್ನು ಹಿಂದಕ್ಕೆ ಹೋಗತ್ತೆ, ಎಷ್ಟೋ ವರ್ಷದಿಂದ ತುಕ್ಕು, ಕೊಳೆ ಕೂತಿರೋ ಜಾಗಕ್ಕೆ ಸೀಲ್ ಹೋಗಿ ಉಜ್ಜತ್ತೆ, ಹಾಗಾಗಿ ಶೂ ಹಾಕಿದ ಮೇಲೇ ಸೋರೋಕೆ ಶುರುವಾಗೋದು ಬಹಳ ಕಾಮನ್. ಇನ್ನೂ ಮುಖ್ಯವಾದ್ದು, ಹಳೇ ಗಾಡಿಗಳಲ್ಲಿ ಬಹಳಷ್ಟಕ್ಕೆ ಬ್ರೇಕ್ ಸರ್ಕ್ಯೂಟ್ ಒಂದೇ, ಒಂದು ವೀಲ್ ಸಿಲಿಂಡರ್ ಕೈಕೊಟ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಗತ್ತೆ. ಡೌಟ್ ಇದ್ರೆ ಈಗ್ಲೇ ಬದಲಾಯಿಸಿ.

ಲೈನಿಂಗ್ ಮೇಲೆ ಎಣ್ಣೆ, ಗ್ರೀಸ್, ಫ್ಲೂಯಿಡ್ ಏನಾದ್ರೂ ಇದ್ರೆ ಅದು ಎಲ್ಲಿಂದ ಬಂತು ಅಂತ ಹುಡುಕಿ ಸರಿ ಮಾಡಿದ ಮೇಲೇ ಹೊಸ ಶೂ. ಹಿಂದೆ ಆದ್ರೆ ಆಕ್ಸಲ್ ಆಯಿಲ್ ಸೀಲು, ಮುಂದೆ ಆದ್ರೆ ಹಬ್ಬಿನ ಗ್ರೀಸ್ ಸೀಲು. ಎಣ್ಣೆ ಕುಡಿದ ಲೈನಿಂಗನ್ನ ಪೆಟ್ರೋಲಲ್ಲಿ ತೊಳೆದು ಬೆಂಕೀಲಿ ಕಾಯಿಸಿ ಮತ್ತೆ ಹಾಕೋ ಹಳೇ ಉಪಾಯ ಇದೆಯಲ್ಲ, ಅದನ್ನ ನಂಬ್ಬೇಡಿ, ಬಿಸಿಯಾದಾಗ ಒಳಗಿಂದ ಎಣ್ಣೆ ಮತ್ತೆ ಮೇಲೆ ಬರತ್ತೆ.

ಡ್ರಮ್ಮಿಗೆ ಬನ್ನಿ. ಬಿರುಕಿದ್ರೆ ನೇರ ಗುಜರಿಗೆ. ಉಗುರು ಸಿಕ್ಕೋವಷ್ಟು ಗೆರೆ ಬಿದ್ದಿದ್ರೆ, ಇಲ್ಲಾ ಬ್ರೇಕ್ ಹಿಡಿದಾಗ ಪೆಡಲ್ ಕಾಲಿಗೆ ಮಿಡಿದ ಹಾಗೆ ಆಗ್ತಿದ್ರೆ ಡ್ರಮ್ ಓವಲ್ ಆಗಿರ್ಬಹುದು, ಲೇತ್‌ಗೆ ಹಾಕಿಸ್ಬೇಕು. ಎರಡು ಮೂರು ದಿಕ್ಕಲ್ಲಿ ಒಳ ವ್ಯಾಸ ಅಳೆದ್ರೆ ಓವಲ್ ಇದೆಯಾ ಗೊತ್ತಾಗತ್ತೆ. ಗರಿಷ್ಠ ವ್ಯಾಸ ಎಷ್ಟೋ ಡ್ರಮ್ಮುಗಳ ಮೇಲೇ ಅಚ್ಚೊತ್ತಿರತ್ತೆ, ಇಲ್ಲಾಂದ್ರೆ ಮ್ಯಾನುಯಲ್ಲಲ್ಲಿ ಸಿಗತ್ತೆ, ಅದನ್ನ ದಾಟಿದ್ರೆ ಆ ಡ್ರಮ್ ಬೇಡ. ಒಂದು ಕಡೆ ಲೇತ್‌ಗೆ ಹಾಕಿಸಿದ್ರೆ ಆ ಆಕ್ಸಲ್ಲಿನ ಇನ್ನೊಂದನ್ನೂ ಅದೇ ಅಳತೆಗೆ ತನ್ನಿ. ಬರೀ ಹೊಳಪು ಬಂದಿದ್ರೆ ಎಮರಿ ಬಟ್ಟೇಲಿ ಅಡ್ಡಡ್ಡ ಉಜ್ಜಿ ಹೊಳಪು ತೆಗೆದ್ರೆ ಸಾಕು.

ಹೊಸ ಶೂ ಡ್ರಮ್ಮಿಗೆ ಹೊಂದತ್ತಾ

ಇದನ್ನ ಎಲ್ಲರೂ ಹಾರಿಸ್ಕೊಂಡು ಹೋಗ್ತಾರೆ. ಮೊದ್ಲು ಹಳೇ ಶೂ ಮೇಲೆ ಹೊಸ ಶೂ ಇಟ್ಟು ನೋಡಿ, ಸ್ಪ್ರಿಂಗ್ ತೂತುಗಳು, ತುದಿಗಳ ಆಕಾರ, ಮಧ್ಯದ ತಗಡಿನ ದಪ್ಪ, ಲೈನಿಂಗ್ ಎಲ್ಲಿಂದ ಶುರುವಾಗತ್ತೆ ಎಲ್ಲಿ ಮುಗಿಯತ್ತೆ, ಎಲ್ಲಾ ಒಂದೇ ಇರ್ಬೇಕು. ರಿವೆಟ್ ಹೊಡೆದ ಲೈನಿಂಗಾದ್ರೆ ರಿವೆಟ್ಟಿನ ತಲೆಗಳು ಮೇಲ್ಮೈಯಿಂದ ಚೆನ್ನಾಗಿ ಕೆಳಗಿವೆಯಾ ನೋಡಿ, ಅಂಟಿಸಿದ್ದಾದ್ರೆ ಅಂಚಲ್ಲಿ ಎಲ್ಲೂ ಬಾಯಿ ಬಿಟ್ಟಿರ್ಬಾರ್ದು. ಹಳೇ ಶೂನ ಎಸೀಬೇಡಿ, ಅಪರೂಪದ ಗಾಡಿಗೆ ಅಳತೆಗೆ ಸರಿಯಾದ ಶೂ ಸಿಗದೇ ಹೋದಾಗ ಹಳೇದಕ್ಕೇ ಹೊಸ ಲೈನಿಂಗ್ ಹಾಕಿಸೋದು ಎಷ್ಟೋ ವಾಸಿ.

ಆಮೇಲೆ ಹೊಸ ಶೂನ ಕೈಯಲ್ಲಿ ಹಿಡಿದು ಖಾಲಿ ಡ್ರಮ್ಮಿನ ಒಳಮೈಗೆ ಒತ್ತಿ ಹಿಡೀರಿ. ಶೂ ಡ್ರಮ್ಮಿನ ಬಾಗಿದ ಮೈಗೆ ಪೂರ್ತಿ ಕೂತ್ರೆ ಸರಿ, ಮಧ್ಯ ತಾಕಿ ಎರಡು ತುದೀಲಿ ಕೂದಲೆಳೆ ಗ್ಯಾಪ್ ಇದ್ರೂ ಪರವಾಗಿಲ್ಲ, ಓಡಿಸ್ತಾ ಓಡಿಸ್ತಾ ಸವೆದು ಕೂರತ್ತೆ. ತುದಿಗಳು ತಾಕಿ ಮಧ್ಯ ಗ್ಯಾಪ್ ಇದೆ, ಶೂನ ಆಕಡೆ ಈಕಡೆ ಅಲ್ಲಾಡಿಸಿದ್ರೆ ಬಿಗಿಯಾಗಿ ಕೂತಿದೆ ಅಂದ್ರೆ ಹಾಕ್ಬೇಡಿ. ಅಂಥಾ ಶೂ ತುದೀಲಿ ಕಚ್ಕೊಳತ್ತೆ, ಗಾಡಿ ತಟ್ಟಂತ ಹಿಡಿದು ಎಳಿಯತ್ತೆ, ಸದ್ದೂ ಮಾಡತ್ತೆ. ಇನ್ನೊಂದು ಉಲ್ಟಾ ಕೇಸು, ಡ್ರಮ್ಮನ್ನ ಲೇತಲ್ಲಿ ತೆಗೆಸಿ ತೆಗೆಸಿ ದೊಡ್ಡದಾಗಿದೆ, ಶೂ ಸ್ಟ್ಯಾಂಡರ್ಡ್ ಸೈಜು, ಆಗ ಮಧ್ಯದ ಒಂದಿಷ್ಟು ಜಾಗ ಮಾತ್ರ ತಾಕತ್ತೆ, ಪೆಡಲ್ ಉದ್ದ ಹೋಗತ್ತೆ, ಸ್ಪಂಜಿನ ಹಾಗೆ ಮೆತ್ತಗಿರತ್ತೆ, ಜನ ಪೈಪಲ್ಲಿ ಗಾಳಿ ಸೇರಿದೆ ಅಂತ ಅದನ್ನ ಹೊರಗೆ ಬಿಡೋಕೆ ಬ್ಲೀಡ್ ಮಾಡಿದ್ದೇ ಮಾಡಿದ್ದು. ಗಾಳಿ ಅಲ್ಲ ಸ್ವಾಮಿ, ಶೂ ಬಗ್ತಿರೋದು. ಎರಡಕ್ಕೂ ಮದ್ದು ಒಂದೇ, ಡ್ರಮ್ಮಿನ ಅಳತೆ ಕೊಟ್ಟು ಅದಕ್ಕೆ ತಕ್ಕ ದಪ್ಪದ ಲೈನಿಂಗ್ ಹಾಕಿಸಿ ಅದೇ ಅಳತೆಗೆ ಗ್ರೈಂಡ್ ಮಾಡಿಸೋದು. ಮನೇಲಿ ಕೂತು ಒಣ ಲೈನಿಂಗನ್ನ ಗ್ರೈಂಡರಿಗೆ ಹಿಡೀಬೇಡಿ, ಧೂಳಿನ ಕಥೆ ಆಗ್ಲೇ ಹೇಳಿದೀನಲ್ಲ.

ಜೋಡಿಸೋದು

ಹಳೇ ಶೂ ಬಿಚ್ಚೋ ಮುಂಚೆ ವೀಲ್ ಸಿಲಿಂಡರಿಗೆ ದಪ್ಪ ರಬ್ಬರ್ ಬ್ಯಾಂಡೋ ಕೇಬಲ್ ಟೈಯೋ ಸುತ್ತಿಬಿಡಿ, ಪಿಸ್ಟನ್ ಹೊರಗೆ ಹಾರ್ಬಾರ್ದು. ಡ್ರಮ್ ಇಲ್ದೇ ಇರೋವಾಗ ಯಾರೂ ಪೆಡಲ್ ಮುಟ್ಬಾರ್ದು, ಮನೇಲಿ ಮಕ್ಕಳಿದ್ರೆ ಕಾರಿನ ಬಾಗ್ಲು ಲಾಕ್ ಮಾಡಿ. ಶೂನ ಒತ್ತಿ ಹಿಡಿದಿರೋ ಪಿನ್ನು, ಸ್ಪ್ರಿಂಗ್, ಬಟ್ಟಲು ಇದ್ರೆ ಮೊದ್ಲು ಅವನ್ನ ತೆಗೀರಿ, ಬ್ಯಾಕ್ ಪ್ಲೇಟಿನ ಹಿಂದಿಂದ ಒಂದು ಬೆರಳಲ್ಲಿ ಪಿನ್ ಒತ್ಕೊಂಡು ಮುಂದಿಂದ ಬಟ್ಟಲನ್ನ ಪ್ಲೈಯರಲ್ಲಿ ಅಮುಕಿ ಕಾಲು ಸುತ್ತು ತಿರುಗ್ಸಿದ್ರೆ ಬಿಡತ್ತೆ. ಆಮೇಲೆ ಒಂದು ಶೂನ ತುದಿ ಮೀಟಿ ಅದು ಕೂತಿರೋ ಸಂದಿಯಿಂದ ಹೊರಗೆ ತಂದ್ರೆ ಸ್ಪ್ರಿಂಗಿನ ಬಿಗಿ ಕಮ್ಮಿಯಾಗಿ ಎಲ್ಲಾ ಒಟ್ಟಿಗೆ ಕೈಗೆ ಬರತ್ತೆ. ಈ ಸ್ಪ್ರಿಂಗುಗಳು ಚಿಮ್ಮಿದ್ರೆ ಕಣ್ಣಿಗೇ ಬರೋದು, ಕನ್ನಡಕ ಹಾಕ್ಕೊಳ್ಳಿ.

ಸ್ಪ್ರಿಂಗು ನೀಲಿ ಬಣ್ಣಕ್ಕೆ ತಿರುಗಿದ್ರೆ, ಸುರುಳಿಗಳ ಮಧ್ಯೆ ಸಂದು ಬಿಟ್ಟಿದ್ರೆ, ಕೊಕ್ಕೆ ಸವೆದಿದ್ರೆ ಹೊಸದು ತನ್ನಿ. ಬ್ಯಾಕ್ ಪ್ಲೇಟ್ ತೊಳೆದು ನೋಡಿದ್ರೆ ಶೂ ಅಂಚು ಉಜ್ಜೋ ಸಣ್ಣ ಉಬ್ಬುಗಳು ಕಾಣತ್ತೆ, ಅಲ್ಲಿ ಹಳ್ಳ ಬಿದ್ದಿದ್ರೆ ಶೂ ಅದ್ರಲ್ಲಿ ಸಿಕ್ಕಾಕ್ಕೊಂಡು ವಾಪಸ್ ಬರಲ್ಲ, ತುಂಬಿಸಿ ಸಮ ಮಾಡಿಸ್ಬೇಕು. ಆ ಉಬ್ಬುಗಳಿಗೆ, ಶೂ ತುದಿ ಕೂರೋ ಜಾಗಕ್ಕೆ, ಅಡ್ಜಸ್ಟರ್ ಥ್ರೆಡ್ಡಿಗೆ ಬಿಸಿ ತಡೆಯೋ ಬ್ರೇಕ್ ಗ್ರೀಸನ್ನ ತೆಳ್ಳಗೆ ಸವರಿ, ಮಾಮೂಲಿ ಬೇರಿಂಗ್ ಗ್ರೀಸ್ ಬೇಡ, ಕರಗಿ ಲೈನಿಂಗಿಗೆ ಹರಿಯತ್ತೆ. ರಬ್ಬರ್ ಬೂಟಿನ ಹತ್ರ ಆದ್ರೆ ಕೆಂಪು ರಬ್ಬರ್ ಗ್ರೀಸ್ ಮಾತ್ರ.

ಅಡ್ಜಸ್ಟರ್ ಬಿಚ್ಚಿ ಸ್ವಚ್ಛ ಮಾಡಿ ಬೆರಳಲ್ಲೇ ತಿರುಗೋ ಹಾಗಿರ್ಬೇಕು, ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿಸಿಡಿ. ನಕ್ಷತ್ರದ ಹಲ್ಲಿರೋ ತಾನೇ ಅಡ್ಜಸ್ಟ್ ಆಗೋ ತರದ್ದಾದ್ರೆ ಎಡಗಡೆದು ಬಲಗಡೆದು ಬೇರೆ ಬೇರೆ, ಒಂದು ಉಲ್ಟಾ ಥ್ರೆಡ್, ಬದಲಾದ್ರೆ ಬಿಗಿಯಾಗೋ ಬದ್ಲು ಸಡಿಲ ಆಗ್ತಾ ಹೋಗತ್ತೆ. ಹಿಂದಿನ ಶೂನಲ್ಲಿ ಹ್ಯಾಂಡ್‌ಬ್ರೇಕ್ ಲಿವರ್ ಇದ್ರೆ ಹಳೇ ಶೂನಿಂದ ತೆಗೆದು ಹೊಸದಕ್ಕೆ ಹಾಕೋದು ಮರೀಬೇಡಿ, ಕ್ಲಿಪ್ ಹೊಸದಾದ್ರೆ ಒಳ್ಳೇದು.

ಲೈನಿಂಗ್ ಮೇಲೆ ಪೂರ್ತಿ ಮಾಸ್ಕಿಂಗ್ ಟೇಪ್ ಅಂಟಿಸ್ಕೊಳ್ಳಿ, ಕೈಯಲ್ಲಿರೋ ಗ್ರೀಸ್ ತಾಕಲ್ಲ. ಎರಡು ಶೂನೂ ಸ್ಪ್ರಿಂಗ್ ಸಮೇತ ನೆಲದ ಮೇಲೇ ಜೋಡಿಸಿ, ಸ್ಪ್ರಿಂಗ್ ಕೊಕ್ಕೆ ಶೂನ ಯಾವ ಮುಖದಿಂದ ತೂತಿಗೆ ಬರತ್ತೆ ಅಂತ ಫೋಟೋ ನೋಡಿ, ಎಷ್ಟೋ ಗಾಡೀಲಿ ಸ್ಪ್ರಿಂಗು ಶೂನ ಹಿಂದೆ, ಬ್ಯಾಕ್ ಪ್ಲೇಟ್ ಕಡೆಗಿರತ್ತೆ, ಮುಂದೆ ಹಾಕಿದ್ರೆ ಹಬ್ಬಿಗೆ ಉಜ್ಜತ್ತೆ. ಒಂದು ಶೂನ ಎರಡೂ ತುದಿ ಮೊದ್ಲು ಕೂರಿಸಿ, ಇನ್ನೊಂದರ ಒಂದು ತುದಿ ಕೂರಿಸಿ, ಕೊನೇ ತುದಿನ ದೊಡ್ಡ ಸ್ಕ್ರೂ ಡ್ರೈವರಲ್ಲಿ ಮೀಟಿ ಜಾಗಕ್ಕೆ ಹಾಕಿ. ವೀಲ್ ಸಿಲಿಂಡರಿನ ರಬ್ಬರ್ ಬ್ಯಾಂಡ್ ತೆಗೀರಿ. ಈಗ ಕೈಯಲ್ಲಿ ತಟ್ಟಿ ತಟ್ಟಿ ಶೂಗಳು ಹಬ್ಬಿನ ಸುತ್ತ ಸಮ ಅಂತರದಲ್ಲಿ ಬರೋ ಹಾಗೆ ಮಾಡಿ, ಟೇಪ್ ಕಿತ್ತು, ಲೈನಿಂಗನ್ನೂ ಡ್ರಮ್ಮನ್ನೂ ಬ್ರೇಕ್ ಕ್ಲೀನರಲ್ಲಿ ಒರೆಸಿ ಡ್ರಮ್ ಹಾಕಿ. ಹೋಗದೇ ಇದ್ರೆ ಸುತ್ತಿಗೆ ತಗೋಬೇಡಿ, ಶೂ ಸೆಂಟರಲ್ಲಿಲ್ಲ ಅಥವಾ ಅಡ್ಜಸ್ಟರ್ ಪೂರ್ತಿ ಹಿಂದೆ ಹೋಗಿಲ್ಲ.

ಸೆಂಟರ್ ಮಾಡಿ ಅಡ್ಜಸ್ಟ್ ಮಾಡೋದು

ಡ್ರಮ್ ಸ್ಕ್ರೂ ಮಾತ್ರ ಇದ್ರೆ ಡ್ರಮ್ ಸ್ವಲ್ಪ ಓರೆ ನಿಲ್ಲತ್ತೆ, ಅದಕ್ಕೆ ವೀಲ್ ನಟ್ಟು ಹಾಕಿ ಟೈಟ್ ಮಾಡಿ ಇಲ್ಲಾ ಚಕ್ರನೇ ಹಾಕಿ ಆಮೇಲೆ ಅಡ್ಜಸ್ಟ್ ಶುರು ಮಾಡಿ. ಹ್ಯಾಂಡ್‌ಬ್ರೇಕ್ ಕೇಬಲ್ ಇನ್ನೂ ಸಡಿಲವೇ ಇರ್ಬೇಕು, ಯಾಕಂದ್ರೆ ಕೇಬಲ್ ಎಳೀತಿದ್ರೆ ಶೂ ತನ್ನ ಜಾಗಕ್ಕೆ ಪೂರ್ತಿ ವಾಪಸ್ ಬಂದಿರಲ್ಲ, ಆ ಸ್ಥಿತೀಲಿ ಮಾಡಿದ ಅಡ್ಜಸ್ಟ್‌ಮೆಂಟ್ ಸುಳ್ಳು.

ಅಡ್ಜಸ್ಟರ್ ತಿರುಗಿಸ್ತಾ ಚಕ್ರ ಕೈಯಲ್ಲಿ ತಿರುಗದಷ್ಟು ಬಿಗಿ ಮಾಡಿ. ಈಗ ಪೆಡಲ್ ಗಟ್ಟಿಯಾಗಿ ಎರಡು ಮೂರು ಸಲ ಒತ್ತಿ, ಶೂ ಸರಿದು ಸೆಂಟರಿಗೆ ಬರತ್ತೆ, ಆಗ ಚಕ್ರ ಮತ್ತೆ ಸ್ವಲ್ಪ ಸಡಿಲ ಆಗಿರತ್ತೆ. ಮತ್ತೆ ಬಿಗಿ ಮಾಡಿ, ಮತ್ತೆ ಪೆಡಲ್ ಒತ್ತಿ. ಪೆಡಲ್ ಒತ್ತಿದ್ಮೇಲೂ ಬಿಗಿ ಕಮ್ಮಿಯಾಗ್ತಿಲ್ಲ ಅನ್ನೋವರೆಗೂ ಹೀಗೇ ಮಾಡಿ, ಆಮೇಲೆ ಒಂದೊಂದೇ ಕ್ಲಿಕ್ ಹಿಂದಕ್ಕೆ ತಿರುಗ್ಸಿ ಚಕ್ರ ಸರಾಗ ತಿರುಗೋ ಜಾಗದಲ್ಲಿ ನಿಲ್ಸಿ. ಸಣ್ಣಗೆ ಸರ್ ಸರ್ ಅಂತ ಉಜ್ಜೋ ಸದ್ದು ಹೊಸ ಲೈನಿಂಗಲ್ಲಿ ಇದ್ರೆ ತಲೆ ಕೆಡಿಸ್ಕೋಬೇಡಿ, ಕೈಗೆ ಹಿಡಿದ ಹಾಗೆ ಅನ್ನಿಸ್ಬಾರ್ದು. ಎರಡೂ ಲೀಡಿಂಗ್ ಶೂ ಇರೋ ಮುಂದಿನ ಚಕ್ರದಲ್ಲಿ ಸಾಮಾನ್ಯವಾಗಿ ಶೂಗೊಂದು ಅಡ್ಜಸ್ಟರ್, ಒಂದನ್ನ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಕ್ಕೆ ಹೋಗಿ, ಎರಡನೇದು ಇದೆ ಅನ್ನೋದೇ ಗೊತ್ತಿಲ್ದೆ ಒಂದು ಶೂನಲ್ಲೇ ಓಡಾಡ್ತಿರೋ ಗಾಡಿಗಳೂ ಉಂಟು.

ಎಷ್ಟು ತಾಕ್ತಿದೆ ಅಂತ ಕಣ್ಣಾರೆ ನೋಡ್ಬೇಕು ಅಂದ್ರೆ ಲೈನಿಂಗ್ ಮೇಲೆ ಸೀಮೆಸುಣ್ಣ ಉಜ್ಜಿ, ಡ್ರಮ್ ಹಾಕಿ, ಹಗುರ ಬ್ರೇಕ್ ಹಿಡಿದು ಚಕ್ರ ತಿರುಗಿಸಿ ಮತ್ತೆ ಬಿಚ್ಚಿ ನೋಡಿ, ಸುಣ್ಣ ಅಳಿಸಿದ ಜಾಗವೇ ತಾಕೋ ಜಾಗ.

ನಾಲ್ಕೂ ಚಕ್ರ ಮುಗಿದ್ಮೇಲೆ ಕೊನೇಲಿ ಹ್ಯಾಂಡ್‌ಬ್ರೇಕ್ ಕೇಬಲ್. ಬ್ರೇಕ್ ಲೂಸ್ ಇದೆ ಅಂತ ಕೇಬಲ್ ಎಳೆದು ಸರಿ ಮಾಡೋದು ಕಳ್ಳ ದಾರಿ.

ಬ್ಲೀಡಿಂಗ್ ಮತ್ತೆ ಓಡಿಸೋದು

ಪೈಪ್ ಬಿಚ್ಚಿಲ್ಲ, ಸಿಲಿಂಡರ್ ಬದಲಾಯಿಸಿಲ್ಲ ಅಂದ್ರೆ ಬ್ಲೀಡ್ ಮಾಡೋ ಅವಶ್ಯ ಇಲ್ಲ. ಮಾಡೋದಾದ್ರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಪೆಡಲ್ ಪೂರ್ತಿ ತಳ ಮುಟ್ಟಿದ್ರೆ ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳೋ ಹಳೇ ಮಾಸ್ಟರ್ ಸಿಲಿಂಡರಿನ ಸೀಲು ಯಾವತ್ತೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯತ್ತೆ. ಡಾಟ್ 3, ಡಾಟ್ 4 ಫ್ಲೂಯಿಡ್ ಪೇಂಟ್ ತಿನ್ನತ್ತೆ, ಬಾಡಿ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ ತೊಳೀರಿ. ಸಿಲಿಕೋನ್ ಇರೋ ಡಾಟ್ 5ನ್ನ ಇವುಗಳ ಜೊತೆ ಬೆರೆಸೋ ಹಾಗಿಲ್ಲ. ಹೊಸ ಶೂಗೆ ಪಿಸ್ಟನ್ ಹಿಂದಕ್ಕೆ ತಳ್ಳಿರೋದ್ರಿಂದ ರಿಸರ್ವಾಯರ್ ತುಂಬಿ ಹರಿದಿದ್ಯಾ ಅಂತಾನೂ ಒಂದ್ಸಲ ನೋಡಿ.

ಗಾಡಿ ಕದಲಿಸೋಕೆ ಮುಂಚೆ ಪೆಡಲ್ ಗಟ್ಟಿಯಾಗಿ ಮೇಲೇ ನಿಲ್ಲತ್ತಾ ನೋಡಿ, ಒಂದು ನಿಮಿಷ ಕಾಲು ಒತ್ತಿ ಹಿಡಿದ್ರೂ ಕೆಳಗಿಳೀಬಾರ್ದು. ವೀಲ್ ನಟ್ಟು ಟಾರ್ಕ್ ಆಗಿದೆಯಾ ನೋಡಿ. ಮೊದ್ಲು ಖಾಲಿ ಜಾಗದಲ್ಲಿ ನಡೆಯೋ ಸ್ಪೀಡಲ್ಲಿ ಹಿಡಿದು ನೋಡಿ, ನೆಟ್ಟಗೆ ನಿಂತ್ರೆ ಖಾಲಿ ರಸ್ತೆಗೆ ಹೋಗಿ ಗಂಟೆಗೆ 50 ಕಿಲೋಮೀಟರಿಂದ 15ಕ್ಕೆ ಹದವಾಗಿ ಬ್ರೇಕ್ ಹಿಡಿದು ಇಳಿಸಿ, ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ಆರೋಕೆ ಬಿಡಿ, ಹೀಗೆ ಎಂಟು ಹತ್ತು ಸಲ, ಇದೇ ಬೆಡ್ಡಿಂಗ್. ಗಕ್ಕನೆ ಹೊಡಿಯೋದು, ಇಳಿಜಾರಲ್ಲಿ ಹಿಡ್ಕೊಂಡೇ ಬರೋದು ಈ ಹಂತದಲ್ಲಿ ಮಾಡಿದ್ರೆ ಲೈನಿಂಗ್ ಮೇಲೆ ಗಾಜಿನ ತರ ಹೊಳಪು ಬಂದು ಹಿಡಿತ ಹೋಗತ್ತೆ.

ವಾಪಸ್ ಬಂದು ಡ್ರಮ್ಮಿನ ಹತ್ರ ಕೈ ತನ್ನಿ, ಮುಟ್ಬೇಡಿ, ಒಂದು ಚಕ್ರ ಮಾತ್ರ ಕೆಂಡದ ಹಾಗೆ ಕಾದಿದ್ರೆ ಅಲ್ಲಿ ಶೂ ಉಜ್ತಿದೆ, ಒಂದೆರಡು ಕ್ಲಿಕ್ ಸಡಿಲ ಮಾಡಿ. ಗಾಡಿ ಎಡಕ್ಕೆ ಎಳೆದ್ರೆ ತಪ್ಪು ಬಲಗಡೆ ಇರೋ ಸಾಧ್ಯತೆ ಜಾಸ್ತಿ, ಅಲ್ಲಿ ಹಿಡೀತಿಲ್ಲ ಅಂತ ಅರ್ಥ, ಎಣ್ಣೆ ತಾಕಿದ್ಯಾ, ಪಿಸ್ಟನ್ ಜಾಮ್ ಆಗಿದ್ಯಾ ನೋಡಿ. ಉದ್ದದ ಇಳಿಜಾರಲ್ಲಿ ಬ್ರೇಕ್ ಕಾದು ಪೆಡಲ್ ಕೆಳಗಿಳಿದ್ರೆ ಅಲ್ಲೇ ನಿಲ್ಸಿ ಬಿಗಿ ಮಾಡೋಕೆ ಹೋಗ್ಬೇಡಿ, ಬಿಸಿಗೆ ಡ್ರಮ್ ಹಿಗ್ಗಿ ಶೂನಿಂದ ದೂರ ಹೋಗಿರತ್ತೆ, ಆಗ ಬಿಗಿ ಮಾಡಿದ್ರೆ ತಣ್ಣಗಾದ್ಮೇಲೆ ಚಕ್ರ ಜಾಮ್. ಅಡ್ಜಸ್ಟ್ ಯಾವಾಗ್ಲೂ ತಣ್ಣಗಿರೋವಾಗ. ಇನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಲೈನಿಂಗ್ ಸವೆದು ಕೂತು ಪೆಡಲ್ ಮತ್ತೆ ಸ್ವಲ್ಪ ಇಳಿದಿರತ್ತೆ, ಆಗ ನಾಲ್ಕೂ ಚಕ್ರ ಎತ್ತಿ ಇನ್ನೊಂದ್ಸಲ ಅಡ್ಜಸ್ಟ್ ಮಾಡಿ, ಜೊತೆಗೆ ವೀಲ್ ಸಿಲಿಂಡರಿನ ಕೆಳಗೆ ಬ್ಯಾಕ್ ಪ್ಲೇಟ್ ಒದ್ದೆ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.